ಗಂಗವ್ವ ಜಿಗಿದ ದಿನ

ಎಪ್ಪತ್ತರ ದಶಕದ ಆ ದಿನಗಳಲ್ಲಿ, ಹೂವಿನ ಹಿಪ್ಪರಗಿ ಹತ್ತಿರದ ನಮ್ಮೂರ ಸಾಲಿಯಲ್ಲಿ ಇಂಗ್ಲಿಷ್ ಕಲಿಸಲು ಮಾಸ್ತರರದು ಒಂದೇ ಪದ್ಧತಿ. ಶಬ್ದದ ಅರ್ಥ ಹೇಳಬೇಕು, ಮಾಡಿಯೂ ತೋರಿಸಬೇಕು. ಹಾಪ್ ಅಂದರೆ ಒಂಟಿಗಾಲಲ್ಲಿ ಕುಂಟಬೇಕು, ಬೌನ್ಸ್ ಅಂದರೆ ಚೆಂಡಿನಂತೆ ಪುಟಿಯಬೇಕು. ಪುಟಿದು ಪುಟಿದು ನಾವೆಲ್ಲ ಧೂಳಾಗುತ್ತಿದ್ದೆವು.

ಏಳನೇ ಇಯತ್ತೆಯಲ್ಲಿ ನನ್ನ ಗೆಳತಿ ಗಂಗವ್ವನೇ ಎಲ್ಲರಿಗಿಂತ ಶಾಣ್ಯಾಕಿ. ತಂದೆಯಿಲ್ಲದ ಅವಳನ್ನು ಸಾಕಿದವನು ಕಾಕಾ. ಪಾಸಾದರೆ ಬಾಗೇವಾಡಿಯ ಹೈಸ್ಕೂಲಿಗೆ ಕಳಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಆ ಒಂದು ಮಾತಿಗಾಗಿ ಅವಳು ಜೀವ ತೇಯ್ದು ಓದುತ್ತಿದ್ದಳು.

ಸಾಲಿ ತಪಾಸಣೆಗೆ ಸಾಹೇಬರು ಬಂದರು. ಬಂದವರು ಮೊದಲು ಗೌಡರ ಮನೆಯಲ್ಲಿ ಶೇಂಗಾ ಹೋಳಿಗೆ, ತುಪ್ಪ ಉಂಡು, ತೇಗುತ್ತ, ಎಲೆ ಅಡಿಕೆ ಜಗಿಯುತ್ತ ಸಾಲಿ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಊರ ಹಿರಿಯರ ನಡುವೆ ಕಾಕಾನೂ ಕೈಕಟ್ಟಿ ನಿಂತಿದ್ದ.

"ಜಂಪ್ ಅಂದ್ರೂ ಜಿಗಿಯೋದು, ಲೀಪ್ ಅಂದ್ರೂ ಜಿಗಿಯೋದು. ಫರಕ್ ಏನವಾ?" ಸಾಹೇಬರು ಕೇಳಿದರು.

ಗಂಗವ್ವ ಎದ್ದಳು. "ಜಂಪ್ ಅಂದ್ರ ನಿಂತಲ್ಲೇ ಜಿಗಿಯೋದ್ರಿ. ಲೀಪ್ ಅಂದ್ರ ಈ ದಂಡಿಯಿಂದ ಆ ದಂಡಿಗಿ ಹಾರೋದ್ರಿ."

ಅಷ್ಟಕ್ಕೇ ಬಿಡಬಹುದಿತ್ತು. "ಮಾಡಿ ತೋರಸು," ಅಂದರು ಮಾಸ್ತರರು. ಹೊಸ ಗೋಡೆಗೆ ತೋಡಿದ್ದ ಬುನಾದಿಯನ್ನು ಅವಳು ಓಡಿಬಂದು ಒಂದೇ ನೆಗೆತಕ್ಕೆ ದಾಟಿದಳು. ಎಷ್ಟು ಚೆಂದ ದಾಟಿದಳು!

"ಏ ಮಾಸ್ತರ, ಇದು ಹುಡುಗೀನೋ ಮಂಗ್ಯಾನೋ?" ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. ಕೆಂಪು ಜೊಲ್ಲು ಗದ್ದಕ್ಕಿಳಿಯಿತು. "ಇನ್ನೊಮ್ಮೆ ಜಿಗಿ, ನೋಡೂಣು!" ಜಿಗಿಸಿದರು, ಮತ್ತೆ ಜಿಗಿಸಿದರು. ಕಲಿಸಿದ ಮಾಸ್ತರರೇ ಹಲ್ಲು ಕಿಸಿದರು. ಥೂ! ಈಗಲೂ ಎಲೆ ಅಡಿಕೆ ವಾಸನೆ ಬಂದರೆ ನಾನು ಎದ್ದು ಹೋಗುತ್ತೇನೆ.

ಕಾಕಾ ಸಾಹೇಬರನ್ನು ಕೈಮುಗಿದು ಕಳಿಸಿಕೊಟ್ಟ. ಮನೆಗೆ ಬಂದು ಗಂಗವ್ವನ ಬೆನ್ನಿಗೆ ಬಾರಿಸಿದ. "ಹತ್ತು ಮಂದ್ಯಾಗ ನನ್ನ ಮಾನ ಕಳದಿ. ಸಾಕು ನಿನ್ನ ಸಾಲಿ!"

"ಸಾಹೇಬ್ರೇ ಜಿಗಿ ಅಂದ್ರಲ್ಲೋ ಯಪ್ಪಾ," ಅಂದಳು ಬಾಜೂ ಮನೆಯಿಂದ ಓಡಿಹೋಗಿ ತಡೆದ ನನ್ನವ್ವ.

"ಹೇಳಾವ್ರು ಹೇಳ್ತಾರ, ಕೇಳಾಕಿಗಿ ಬುದ್ಧಿ ಬ್ಯಾಡೇನು?"

ಮರುದಿನದಿಂದ ಗಂಗವ್ವ ಸಾಲಿಗೆ ಬರಲಿಲ್ಲ. ಪರೀಕ್ಷೆಗೂ ಕಳಿಸಲಿಲ್ಲ. ನಾನು ಪಾಸಾಗಿ ಬಾಗೇವಾಡಿಗೆ ಹೋದೆ, ಅವಳು ಹತ್ತಿ ಬಿಡಿಸಲು ಹೊಲಕ್ಕೆ ಹೋದಳು.

ಮೊನ್ನೆ ಬಾಗೇವಾಡಿ ಸಂತೆಯಲ್ಲಿ ಸಿಕ್ಕಳು, ಮೊಮ್ಮಗಳ ಕೈ ಹಿಡಿದುಕೊಂಡು. ನನ್ನನ್ನು ತಬ್ಬಿಕೊಂಡು ನಕ್ಕಳು. ಆ ಹುಡುಗಿ ಕೈ ಬಿಡಿಸಿಕೊಂಡು ಚರಂಡಿಯನ್ನು ಚಂಗನೆ ಹಾರಿದಳು. ನನ್ನ ಎದೆ ಅರಳಿತು. ಗಂಗವ್ವ ಚರಂಡಿಯನ್ನು ಸುತ್ತಿ ಬಳಸಿ ಹೋಗಿ ಹುಡುಗಿಯ ಬೆನ್ನಿಗೆ ಬಾರಿಸಿದಳು.

"ಹೇಸಿ, ಹೆಣ್ಣಾಗಿ ಮಂದ್ಯಾಗ ಜಿಗೀತಿ?"

ಅವಳ ಸಾಲಿ ತಪ್ಪಿದ್ದಕ್ಕೆ ಇಷ್ಟು ವರ್ಷ ಮರುಗಿದ್ದೆ. ಇನ್ನೂ ಏನೇನು ಕಿತ್ತುಕೊಂಡಿದ್ದರೋ ಆ ಗಂಡಸರು, ಮೊನ್ನೆಯೇ ನನಗೆ ಗೊತ್ತಾದದ್ದು.