ಹೊಟ್ಟೆಗೆಂದು ಕೆತ್ತಿದ ಗಿಟಾರ್

ನಿನ್ನೆ ಗುರುಗ್ರಾಮದ ಮೆಟ್ರೋದಲ್ಲಿ ಒಬ್ಬ ಹುಡುಗಿಯ ಗಿಟಾರ್ ಚೀಲ ನನ್ನ ಪಕ್ಕೆಗೆ ತಿವಿಯಿತು. "ಸಾರಿ ಅಂಕಲ್" ಎಂದಳು. ನೋವಿಗಿಂತ ಮೊದಲು ನೆನಪಾದವರು ದೆಹಲಿಯ ವಸಂತ್ ಕುಂಜ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಪ್ರೊಫೆಸರ್ ಮೂರ್ತಿಗಳು.

ಅವರ ಬಳಿ ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು. ಕೆಂಪು ಬಣ್ಣ, ಎರಡು ಕೊಂಬು, ಲೋಕವೆಲ್ಲ ನಕಲು ಹೊಡೆದ ಆ ಹಳೆಯ ಮಾದರಿ. ಹೆಂಡತಿ ವಿಮಲಮ್ಮ ಹಾಡುವಾಗ ಜೊತೆಗೆ ನುಡಿಸುತ್ತೇನೆಂದು ಮಾತು ಕೊಟ್ಟು ತಂದದ್ದು. ತಂದ ಮೇಲೆ ನುಡಿಸಿದ್ದನ್ನು ಕಂಡವರಿಲ್ಲ. ಅದರ ಚರಿತ್ರೆಯಿಂದ ಮಾತ್ರ ತರಕಾರಿ ಭಯ್ಯಾ ಕೂಡ ತಪ್ಪಿಸಿಕೊಂಡಿರಲಿಲ್ಲ.

"ಅಚ್ಛಾ, ಕೇಳಿ. ಪೊಳ್ಳು ಗಿಟಾರಿನ ಸದ್ದು ಜೋರು ಮಾಡಿದ್ರೆ ಊಳಿಡ್ತಿತ್ತು. ಅದಕ್ಕೇ ಗಟ್ಟಿ ಹಲಗೇಲಿ ಮಾಡಿದ್ರು. ಅಂಚು ಪಕ್ಕೆಗೆ ಚುಚ್ಚುತ್ತೆ ಅಂತ ನುಡಿಸೋರು ಗೊಣಗಿದ್ರು. ಆಗ ಹಿಂಭಾಗ ಕೆತ್ತಿ ಹೊಟ್ಟೆಗೆ ಜಾಗ ಮಾಡಿದ್ರು. ನೋಡಿ, ಹೇಗೆ ಕೂತಿದೆ!" ಎಂದು ತಮ್ಮ ಹೊಟ್ಟೆಯನ್ನೇ ಸಾಕ್ಷಿಗೆ ಒಡ್ಡುತ್ತಿದ್ದರು. "ಇದನ್ನ ರೂಪಿಸಿದವನಿಗೇ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ, ಗೊತ್ತಾ?"

"ಅವನ ಹೆಂಡತಿ ಹಾಡ್ತಿರಲಿಲ್ಲವೇನೋ" ಎನ್ನುತ್ತಿದ್ದರು ವಿಮಲಮ್ಮ, ಒಳಗಿನಿಂದ. ಆ ದನಿಯಲ್ಲಿ ತಮಾಷೆಗಿಂತ ಬೇಸರವೇ ಹೆಚ್ಚಿತ್ತು.

ಒಂದು ರಾಜ್ಯೋತ್ಸವಕ್ಕೆ ಕೊನೆಗೂ ಇಬ್ಬರೂ ವೇದಿಕೆ ಹತ್ತಿದರು. ಹತ್ತಿದವರೇ ಮೂರ್ತಿಗಳು ಮೈಕ್ ಹಿಡಿದು ಚರಿತ್ರೆ ಬಿಚ್ಚಿದರು. ಹೊಟ್ಟೆಯ ಕೆತ್ತನೆಗೆ ಬರುವಷ್ಟರಲ್ಲಿ ಹಿಂದಿನ ಸಾಲುಗಳು ಬಿಸಿಬೇಳೆಬಾತಿನ ಕಡೆ ಎದ್ದು ಹೋಗಿದ್ದವು.

"ರೀ, ಸಾಕು. ನಾನು ಹಾಡ್ತೀನಿ" ಎಂದು ವಿಮಲಮ್ಮ ಮೈಕ್ ಕಸಿದುಕೊಂಡು ಭಾವಗೀತೆಯೊಂದನ್ನು ಎತ್ತಿಕೊಂಡರು.

ಮೂರ್ತಿಗಳ ಬೆರಳುಗಳು ತಂತಿಗೆ ಹೋದವು. ಸ್ಪೀಕರಿನಿಂದ ಸದ್ದೇ ಇಲ್ಲ! ಇಷ್ಟೆಲ್ಲ ವಿವರಿಸಿದ ಮಹಾಶಯರು ವೈರ್ ಸಿಕ್ಕಿಸುವುದನ್ನೇ ಮರೆತಿದ್ದರು. ಗಟ್ಟಿ ಹಲಗೆಯ ಗಿಟಾರ್ ನೋಡಿ, ಕರೆಂಟಿಲ್ಲದಿದ್ದರೆ ಸೊಳ್ಳೆಯಷ್ಟೇ ದನಿ. ನಗಲು ಸಿದ್ಧನಾಗಿ ಮುಂದಿನ ಸಾಲಿನಲ್ಲೇ ಕೂತಿದ್ದ ನನಗೆ, ಹಾಡಿನ ಸಾಲುಗಳ ನಡುವೆ ಆ ಸೊಳ್ಳೆ ಕೇಳಿಸಿತು. ಒಂದು ಸ್ವರವೂ ತಪ್ಪಿರಲಿಲ್ಲ. ಯಾವಾಗ ಕಲಿತರೋ, ಯಾರಿಗೆ ಹೆದರಿ ಇಷ್ಟು ದಿನ ಬರೀ ಮಾತಾಡಿದರೋ!

ಕೆಳಗಿಳಿದು ಬಂದ ಮೇಲೆ ವೈರ್ ನೋಡಿ ಅವರ ಮುಖ ಸಣ್ಣದಾಯಿತು. "ಯಾರಿಗೂ ಕೇಳಿಸಲೇ ಇಲ್ಲ ಕಣೇ."

"ನಾನು ಪಕ್ಕದಲ್ಲೇ ಇದ್ದೆನಲ್ಲ" ಎಂದರು ವಿಮಲಮ್ಮ.

ಮೆಟ್ರೋದಲ್ಲಿ ನಾನೂ ಆ ಹುಡುಗಿಗೆ ಹೊಟ್ಟೆಯ ಕೆತ್ತನೆಯ ಕಥೆ ಹೇಳಲು ಬಾಯಿ ತೆರೆದಿದ್ದೆ. "ಆಪ್ ಭೀ ಬಜಾತೇ ಹೋ, ಅಂಕಲ್?" ಎಂದಳು. ನುಡಿಸುವುದೇ, ನಾನೇ? ಇಲ್ಲಮ್ಮ, ಒಮ್ಮೆ ಕೇಳಿದ್ದೇನೆ ಎಂದೆ, ನನ್ನ ಹರಕು ಹಿಂದಿಯಲ್ಲಿ. ರೈಲು ವಾಲಿದಾಗ ಚೀಲ ಮತ್ತೆ ಪಕ್ಕೆಗೆ ಒರಗಿತು. ಈ ಸಲ ನಾನು ಸರಿಯಲಿಲ್ಲ.