ಸ್ಟಾರ್ಟರ್ ಮೇಲಿನ ಟವೆಲ್

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಸಣ್ಣ ಕಂಪನಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗಳನ್ನು ತಯಾರಿಸುತ್ತದೆ. ಅವು ಇದ್ದರೆ ಮನೆಯಿಂದಲೇ ಮೊಬೈಲಿನಲ್ಲಿ ಮೋಟರು ಹಾಕಬಹುದು. ಹೋದ ಕರೆಂಟ್ ಮತ್ತೆ ಬಂದರೆ ಮೋಟರು ತಾನಾಗಿ ಶುರುವಾಗುತ್ತದೆ. ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ಏನೇನು ಮಾಡಬೇಕೆಂದು ಒಂದೊಂದೇ ವಾಕ್ಯವಾಗಿ ಬರೆದುಕೊಡುವುದು ನನ್ನ ಕೆಲಸ.

ಕಳೆದ ವರ್ಷ ಈ ವಾಕ್ಯಗಳನ್ನು ತಪಾಸಣೆ ಮಾಡುವ ಒಂದು ಟೂಲ್ ನಮ್ಮ ಕಂಪ್ಯೂಟರಿಗೆ ಬಂತು. ಯಾವಾಗ, ಯಾವುದು, ಏನು ಮಾಡಬೇಕು ಎಂಬುದು ವಾಕ್ಯದಲ್ಲಿ ಆಯಾ ಜಾಗದಲ್ಲೇ ಇರಬೇಕು. ‘ಬೇಗ’, ‘ಸಾಕಷ್ಟು’, ‘ಅಗತ್ಯವಿದ್ದರೆ’ ಎಂಬಂಥ ಮಾತು ಕಂಡರೆ ಕೆಂಪು ಗೆರೆ ಎಳೆಯುತ್ತದೆ. ನಾವು ಬರೆಯುವುದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಪಕ್ಕದಲ್ಲಿ ‘ಇದನ್ನು ಹೇಳಿದವರು ಯಾರು’ ಎಂಬ ಖಾನೆಯಿದೆ. ಅದನ್ನು ಖಾಲಿ ಬಿಟ್ಟರೂ ಟೂಲ್ ಒಪ್ಪುವುದಿಲ್ಲ.

ಹಳೆಯ ವಾಕ್ಯಗಳನ್ನೆಲ್ಲ ಅದಕ್ಕೆ ಕೊಟ್ಟಾಗ ಒಂದರ ಮೇಲೆ ಗೆರೆ ಬಿತ್ತು: ‘ಕರೆಂಟ್ ಬಂದಾಗ, ಸ್ಟಾರ್ಟರ್, ಸ್ವಲ್ಪ ಹೊತ್ತು ಕಾದು ಮೋಟರನ್ನು ಶುರುಮಾಡಬೇಕು.’ ಎಷ್ಟು ಹೊತ್ತು, ಯಾರು ಹೇಳಿದ್ದು? ಎರಡಕ್ಕೂ ನನ್ನ ಬಳಿ ಉತ್ತರವಿತ್ತು.

ತಿ. ನರಸೀಪುರದ ಆಚೆ, ಹೊಳೆದಂಡೆಯ ನಮ್ಮ ಗದ್ದೆಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಪಂಪು ಇರುವುದು ಆಳದ ಗುಂಡಿಯಲ್ಲಿ. ನೀರೆಳೆಯುವ ಪೈಪಿನ ಬಾಯಿಗೆ ಕಸ ಕಟ್ಟಿಕೊಂಡರೆ ಕರೆಂಟ್ ಹೋದ ಸಮಯ ನೋಡಿ ಯಾರಾದರೂ ಇಳಿದು ಕೈಯಿಂದ ತೆಗೆಯಬೇಕು. ನನ್ನ ನೆನಪಿನಲ್ಲಿ ಅಣ್ಣ ನಮ್ಮ ಕಂಪನಿಯ ಪೆಟ್ಟಿಗೆಯ ಪಕ್ಕ ನಿಂತಿದ್ದಾನೆ. ಹೆಗಲ ಮೇಲೆ ಟವೆಲ್. ‘ಐದು ನಿಮ್ಸ ಬುಡ್ಲಾ. ಗುಂಡಿಗಿಳ್ದೋನು ಮೇಲಕ್ಕೆ ಬರ್ಬೇಕೋ ಬ್ಯಾಡ್ವೋ?’ ಎನ್ನುತ್ತಾನೆ. ಆಮೇಲೆ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿದ್ದರಿಂದ, ತೀರಿಕೊಳ್ಳುವವರೆಗೂ ಅವನಿಗೆ ಮಾತಾಡಲು ಆಗಲೇ ಇಲ್ಲ. ಹಾಗಾಗಿ ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದೇ.

‘ಸ್ವಲ್ಪ ಹೊತ್ತು’ ಅಳಿಸಿ ‘ಐದು ನಿಮಿಷ’ ಎಂದು ಬರೆದೆ. ಖಾನೆಯಲ್ಲಿ ‘ಅಣ್ಣ’ ಎಂದು ತುಂಬಿದೆ. ವಾಕ್ಯ ಹಸಿರಾಯಿತು.

ಅಲ್ಲಿಗೆ ಬಿಡಬಹುದಿತ್ತು. ಆದರೆ ವಿಶ್ವವಿದ್ಯಾನಿಲಯದಲ್ಲಿ ಓದುವಾಗಿನಿಂದ ನನಗೊಂದು ಚಾಳಿ. ಪುರಾವೆಯಿಲ್ಲದ್ದನ್ನು ನಂಬುವುದಿಲ್ಲ, ದೇವರಿಂದ ಹಿಡಿದು ನನ್ನ ನೆನಪಿನವರೆಗೆ. ಭಾನುವಾರ ಬಸ್ಸು ಹತ್ತಿ ಅತ್ತಿಗೆಯ ಬಳಿ ಹೋದೆ. ಈಗ ಗದ್ದೆ ಮಾಡಿಸುತ್ತಿರುವವರು ಅವರೇ. ಪಂಪಿನ ಹತ್ತಿರ ಬದುವಿನ ಮೇಲೆ ಕೂತು, ಅಣ್ಣ ಹೇಳಿದ್ದ ಐದು ನಿಮಿಷದ ಲೆಕ್ಕ ಸರಿಯೇ ಎಂದು ಕೇಳಿದೆ.

ಅತ್ತಿಗೆ ನಕ್ಕುಬಿಟ್ಟರು. “ನಿಮ್ಮಣ್ಣ ಯಾವತ್ತಪ್ಪ ಗಡಿಯಾರ ನೋಡ್ಕಂಡು ಗುಂಡಿಗಿಳಿದ್ರು? ಉಣ್ಣಕ್ ಬನ್ನಿ ಅಂದ್ರೆ ಐದು ನಿಮ್ಸ ಅನ್ನೋರು. ಸಾರು ಆರೋದ್ಮೇಲೆ ಬರೋರು.”

“ಇಲ್ಲೇ ಈ ಪೆಟ್ಟಿಗೆ ಪಕ್ಕ ನಿಂತ್ಕೊಂಡು ಹೇಳಿದ್ದ ಅತ್ತಿಗೆ.”

ಅವರ ನಗು ನಿಂತಿತು.

“ಈ ಡಬ್ಬ ಆಕ್ಸ್ದಾಗ ಅವ್ರು ಮೈಸೂರಾಸ್ಪತ್ರೇಲಿ ಮಲ್ಗಿದ್ರಲ್ಲಪ್ಪ. ನೀನೇ ಅಲ್ವಾ ಜನ ಕರ್ಕಬಂದು ಆಕ್ಸ್ದೋನು? ಅವ್ರು ಇದ್ನ ಕಣ್ಣಲ್ಲೂ ನೋಡ್ನಿಲ್ಲ.”

ಅವರು ಹೇಳಿದ್ದು ನಿಜ. ಪೆಟ್ಟಿಗೆ ಕೂರಿಸಿದ ದಿನವೇ ಸಂಜೆ ನಾನು ಆಸ್ಪತ್ರೆಗೆ ಹೋಗಿ ಅವನ ಮಂಚದ ಪಕ್ಕ ಕೂತಿದ್ದೆ.

“ಮತ್ತೆ ಕಸ ತೆಗೆಯೋಕೆ ಇಳಿವಾಗ ಏನ್ ಮಾಡ್ತಿದ್ರಿ?” ಎಂದು ಕೇಳಿದೆ.

“ಇಳಿಯೋನು ಟವಲ್ಲ ಸ್ಟಾಟ್ರು ಮೇಲೆ ಆಕ್ಬುಟ್ಟು ಇಳೀತಿದ್ದ. ಟವಲ್ಲು ಇರೋಗಂಟ ಯಾರೂ ಮುಟ್ಟಂಗಿಲ್ಲ. ಮೇಲಕ್ಕೆ ಬಂದು ಅವ್ನೇ ತಗೀಬೇಕು. ನಿಮ್ಮಣ್ಣನ್ ಟವಲ್ಲ ನಾನೂ ಮುಟ್ತಿರ್ನಿಲ್ಲ.”

“ಈಗ?”

“ಈಗ್ಲೂ ಅಷ್ಟೇಯ. ಆಳು ನಿನ್ ಡಬ್ಬದ ಮೇಲೆ ಆಕ್ಬುಟ್ಟೇ ಇಳಿಯೋದು.”

ಟವೆಲ್ ನಮ್ಮ ಪೆಟ್ಟಿಗೆಗೆ ಕಾಣುವುದಿಲ್ಲ. ಕರೆಂಟ್ ಬಂದದ್ದು ಗುಂಡಿಯೊಳಗಿನವನಿಗೆ ತಿಳಿಯುವುದಿಲ್ಲ. ಅವನ ಕೈ ಇನ್ನೂ ಪೈಪಿನ ಬಾಯಲ್ಲಿದ್ದರೆ, ನಾನು ಬರೆದ ಐದು ನಿಮಿಷ ಮುಗಿದ ಕೂಡಲೇ ಮೋಟರು ಅದನ್ನು ಒಳಕ್ಕೆ ಎಳೆಯುತ್ತದೆ. ಹೊರಡುವ ಮೊದಲು ಆ ಪೆಟ್ಟಿಗೆಯನ್ನು ತಾನಾಗಿ ಶುರುವಾಗದಂತೆ ಬಂದ್ ಮಾಡಿದೆ. ಮೊಬೈಲಿನಿಂದಲೂ ಯಾರೂ ಹಾಕಬೇಡಿ ಎಂದೆ. ಅತ್ತಿಗೆ ತಲೆಯಾಡಿಸಿದರು.

ಸೋಮವಾರ, ಟವೆಲ್ಲಿನ ಜಾಗಕ್ಕೆ ಪೆಟ್ಟಿಗೆಗೆ ಒಂದು ಸ್ವಿಚ್ ಸೇರಿಸಿ, ವಾಕ್ಯವನ್ನು ಹೊಸದಾಗಿ ಬರೆದೆ: ‘ಕೆಳಗಿಳಿಯುವವರು ಪೆಟ್ಟಿಗೆಯ ಮೇಲಿನ ಸ್ವಿಚ್ಚನ್ನು ತಿರುಗಿಸಿದ್ದಾಗ, ಸ್ಟಾರ್ಟರ್, ಅದನ್ನು ಮತ್ತೆ ಕೈಯಿಂದ ಹಿಂದಕ್ಕೆ ತಿರುಗಿಸುವವರೆಗೆ ಮೋಟರನ್ನು ಶುರುಮಾಡಬಾರದು.’ ಟೂಲ್ ಹಸಿರು ತೋರಿಸಿತು. ಐದು ನಿಮಿಷಕ್ಕೂ ಇದೇ ಹಸಿರು ತೋರಿಸಿತ್ತು. ವಾಕ್ಯ ಸ್ಪಷ್ಟವಾಗಿದೆಯೇ ಎಂದಷ್ಟೇ ಅದು ನೋಡುತ್ತದೆ. ನನ್ನ ನೆನಪೂ ಅಷ್ಟೇ ಸ್ಪಷ್ಟವಾಗಿತ್ತು.

ಖಾನೆಯಲ್ಲಿದ್ದ ‘ಅಣ್ಣ’ನನ್ನು ಅಳಿಸಿ ‘ಅತ್ತಿಗೆ’ ಎಂದು ಬರೆಯಬೇಕಾಯಿತು. ಇಡೀ ಕಡತದಲ್ಲಿ ಅವನಿದ್ದದ್ದು ಅದೊಂದೇ ಕಡೆ.

ಅವನು ನನ್ನೊಡನೆ ಕೊನೆಗೆ ಆಡಿದ ಮಾತು ಯಾವುದೋ ಈಗ ನನಗೆ ಗೊತ್ತಿಲ್ಲ. ಫೋನಿನಲ್ಲಿ ಏನೋ ಹೇಳಿರಬೇಕು. ಗೊಬ್ಬರದ ವಿಷಯವೋ, ಹಬ್ಬಕ್ಕೆ ಬಾ ಎಂದೋ. ನಾನು ಹ್ಞೂಂ ಎಂದು ಇಟ್ಟಿರಬೇಕು. ಆದರೆ ಹೆಗಲ ಮೇಲಿನ ಟವೆಲ್, ‘ಐದು ನಿಮ್ಸ ಬುಡ್ಲಾ’ ಎನ್ನುವ ಆ ದನಿ ಈಗಲೂ ಹಾಗೇ ಇವೆ. ಆ ಚಿತ್ರದಿಂದ ಪೆಟ್ಟಿಗೆಯೊಂದನ್ನೇ ತೆಗೆದುಹಾಕಲು ಎಷ್ಟೋ ಸಲ ನೋಡಿದ್ದೇನೆ. ಪೆಟ್ಟಿಗೆ ಹೋದರೆ ಅವನೂ ಹೋಗುತ್ತಾನೆ.