ದೆವ್ವದ ಮನೆಯ ಕೆಂಪು ಪರದೆ

ದೆವ್ವದ ಸಿನಿಮಾ ಎಂದರೆ ನನಗೆ ಪ್ರಾಣ ಎಂದು ಹೇಳಿದ ಕೂಡಲೇ ಜನ ನನ್ನನ್ನು ಗಟ್ಟಿ ಎದೆಯವಳು ಎಂದುಕೊಳ್ಳುತ್ತಾರೆ. ಬಹಳ ವರ್ಷ ನಾನೂ ಅದನ್ನು ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಇವತ್ತಿನವರೆಗೆ ಒಂದೇ ಒಂದು ದೆವ್ವದ ಮುಖವನ್ನೂ ನಾನು ಸರಿಯಾಗಿ ನೋಡಿದವಳಲ್ಲ. ನಾನು ನೋಡಿದ್ದು ಆ ದೆವ್ವಗಳು ವಾಸವಾಗಿದ್ದ ಮನೆಗಳನ್ನು.

ತೊಂಬತ್ತೇಳರಲ್ಲಿ ನಾನು ಒಂಬತ್ತನೇ ಕ್ಲಾಸು. ಕಿರಿಮಂಜೇಶ್ವರದ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮನಲ್ಲಿ ಇತ್ತು. ಅವರ ಗಂಡ ಮುಂಬೈಯ ಹೋಟೆಲಿನಲ್ಲಿದ್ದರು, ಊರಿಗೆ ಬರುವಾಗ ಒಂದು ಕಲರ್ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು. ಅದರಲ್ಲಿ ವಾರಕ್ಕೊಮ್ಮೆ ಹಿಂದಿಯ ದೆವ್ವದ ಧಾರಾವಾಹಿ ಬರುತ್ತಿತ್ತು. ರಾತ್ರಿಯದ್ದಕ್ಕೆ ಕೂರುವ ಧೈರ್ಯ ನನಗಿರಲಿಲ್ಲ. ಅದನ್ನೇ ಭಾನುವಾರ ಮಧ್ಯಾಹ್ನ ಮತ್ತೆ ಹಾಕುತ್ತಿದ್ದರು, ನಾನು ಆಗ ಹೋಗಿ ಬಾಗಿಲು ಪೂರ್ತಿ ತೆರೆದಿಟ್ಟು, ಅಂಗಳದ ಬಿಸಿಲು ಕಾಣುವಂತೆ ಕೂರುತ್ತಿದ್ದೆ. ಅಷ್ಟಾದರೂ ಸಾಲದೆ ದೊಡ್ಡಮ್ಮನ ಸೆರಗಿನ ತುದಿ ನನ್ನ ಮುಷ್ಟಿಯಲ್ಲಿರಬೇಕಿತ್ತು.

ಹೆದರಿಕೆ ತಡೆಯಲಾಗದೆ ನಾನು ಕಂಡುಕೊಂಡ ಉಪಾಯ ಎರಡು. ಒಂದು, ಟಿವಿಯ ಸೌಂಡು ಪೂರ್ತಿ ತೆಗೆಯುವುದು. ಇನ್ನೊಂದು, ದೆವ್ವ ಯಾವ ಕಡೆ ನಿಂತಿದೆಯೋ ಅದರ ಎದುರು ಮೂಲೆಯನ್ನು ನೋಡುವುದು. ಹೀಗೆ ಮೂಲೆ ನೋಡಿ ನೋಡಿಯೇ ನನ್ನ ತಲೆ ಕೆಟ್ಟಿತು. ನೆಲಕ್ಕೆ ತಾಗುವ ವೆಲ್ವೆಟ್ ಪರದೆ, ಗೋಡೆಗೆ ಹೂಬಳ್ಳಿಯ ಕಾಗದ, ಸಿಂಹದ ಕಾಲಿನ ಸೋಫಾ, ಮೇಣದ ಬತ್ತಿಯ ಉದ್ದ ಸ್ಟ್ಯಾಂಡು, ಮನುಷ್ಯನೆತ್ತರದ ಕನ್ನಡಿ. ನಮ್ಮ ಮನೆಯ ಗೋಡೆಗೆ ಸುಣ್ಣ, ಕಿಟಕಿಗೆ ಅಮ್ಮನ ಹಳೆ ಸೀರೆಯ ತುಂಡು.

ದೊಡ್ಡಮ್ಮ ಒಮ್ಮೆ ಕೇಳಿದರು, "ಹೆದ್ರಿಕಿ ಆರೆ ಮನಿಗ್ ಹೋಗ್ ಹೆಣೆ. ಸೌಂಡ್ ತೆಗ್ದ್ ಎಂತ ಕಾಂಬ್ದ್ ನೀನ್?"

"ಆ ಸೋಫಾ ಕಾಣಿ ದೊಡ್ಡಮ್ಮ. ಹೋದ್ ವಾರದ್ ದೆವ್ವದ ಮನಿಯಲ್ಲೂ ಇದೇ ಇದ್ದಿತ್ತ್. ಬಟ್ಟಿ ಮಾತ್ರ ಬದ್ಲ್ ಮಾಡಿರ್."

ದೊಡ್ಡಮ್ಮ ಟಿವಿಯನ್ನೂ ನನ್ನನ್ನೂ ನೋಡಿ, ಸೆರಗು ಬಿಡಿಸಿಕೊಂಡು ಒಳಗೆ ಹೋದರು. ನಾನು ಅವರ ಹಿಂದೆಯೇ ಓಡಿದೆ. ಸೋಫಾದ ಜೊತೆ ಒಬ್ಬಳೇ ಕೂರಲು ಆಗುತ್ತಿರಲಿಲ್ಲ.

ಮದುವೆಯಾಗಿ ಬೀಜಾಡಿಗೆ ಬಂದೆ. ಗಂಡನದು ಮೀನು ಸಾಗಿಸುವ ವ್ಯಾನು. ಅತ್ತೆ ಕೋಟೇಶ್ವರದ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದವರು, ಮಂಡಿನೋವು ಹೆಚ್ಚಾದ ಮೇಲೆ ಬುಟ್ಟಿ ಇಳಿಸಿ ಮನೆಯಲ್ಲಿದ್ದರು. ಮದುವೆಯಾದ ಹೊಸತರಲ್ಲಿ ಗಂಡ ಕುಂದಾಪುರದ ಸಿಡಿ ಅಂಗಡಿಗೆ ಕರೆದುಕೊಂಡು ಹೋಗಿ, ಬೇಕಾದ್ದು ತಕೋ ಎಂದರು. ಅವರು ಪ್ರೇಮದ ಚಿತ್ರ ನಿರೀಕ್ಷಿಸಿದ್ದರೋ ಏನೋ. ನಾನು ತೆಗೆದುಕೊಂಡದ್ದು ಇಂಗ್ಲಿಷಿನ ದೆವ್ವದ್ದು, ಅದೂ ಮುಖಚಿತ್ರದಲ್ಲಿ ಮೆಟ್ಟಿಲು ಚೆನ್ನಾಗಿದ್ದದ್ದು. ಇಂಗ್ಲಿಷ್ ನನಗೆ ಅರ್ಥವಾಗುತ್ತಿರಲಿಲ್ಲ. ಗೋಡೆಯ ಕಾಗದಕ್ಕೆ ಭಾಷೆ ಯಾಕೆ? ಗಂಡನಿಗೂ ಹೆದರಿಕೆ, ಆದರೆ ಹೇಳಿಕೊಳ್ಳುವ ಜಾತಿಯಲ್ಲ. ದೆವ್ವ ಬರುವ ಸೂಚನೆ ಸಿಕ್ಕಿದರೆ ಸಾಕು, "ಟ್ಯಾಂಕಿ ತುಂಬಿತಾ ಕಂಡ್ಕ ಬತ್ತೆ" ಎಂದು ಎದ್ದು ಹೋಗುತ್ತಿದ್ದರು. ಆ ವರ್ಷ ನಮ್ಮ ಟ್ಯಾಂಕಿಯನ್ನು ನೋಡಿಕೊಂಡಷ್ಟು ಚೆನ್ನಾಗಿ ಬೀಜಾಡಿಯಲ್ಲಿ ಯಾರ ಟ್ಯಾಂಕಿಯನ್ನೂ ಯಾರೂ ನೋಡಿಕೊಂಡಿರಲಿಕ್ಕಿಲ್ಲ.

ಸಿಡಿ ಪ್ಲೇಯರಿನಲ್ಲಿ ಚಿತ್ರ ನಿಲ್ಲಿಸಬಹುದು ಎಂಬುದು ನನಗೆ ವರವಾಗಿ ಸಿಕ್ಕಿತು. ಒಂದು ಮಧ್ಯಾಹ್ನ ಚಿತ್ರ ನಿಲ್ಲಿಸಿಕೊಂಡು ಕಿಟಕಿಯ ಪರದೆಗೆ ಎಷ್ಟು ನೆರಿಗೆ ಹಿಡಿದಿದ್ದಾರೆಂದು ನೋಡುತ್ತಿದ್ದೆ. ಅತ್ತೆ ಒಳಗೆ ಬಂದರು. ಟಿವಿಯಲ್ಲಿ ಒಬ್ಬ ಹೆಂಗಸಿನ ಕುತ್ತಿಗೆಯನ್ನು ಎರಡು ಕೈಗಳು ಹಿಸುಕುತ್ತಿದ್ದವು.

"ಅಯ್ಯೋ, ಆ ಹೆಣ್ ಸಾಯ್ತಾ ಇತ್ತಲ್ದಾ! ನೀ ಎಂತ ಅಷ್ಟ್ ಹತ್ರ ಕೂಕಂಡ್ ಕಾಂಬ್ದ್?"

"ಪರ್ದಿ ಅತ್ತಿ."

ಅತ್ತೆ ಸ್ವಲ್ಪ ಹೊತ್ತು ನಿಂತು ನೋಡಿದರು. "ಪರ್ದಿ ಲಾಯ್ಕಿತ್ತ್," ಎಂದರು. "ಆದ್ರೂ ಆ ಹೆಣ್ಣಿನ ಒಂಚೂರ್ ಮುಂದ್ ಕಳ್ಸ್. ಪಾಪ, ಸಾಯುದಾರೆ ಸಾಯ್ಲಿ."

ಆ ಚಿತ್ರಗಳಲ್ಲಿ ಮನೆಯ ಮೆಟ್ಟಿಲಿಗೆಲ್ಲ ಕಣ್ಣು ಹಲ್ಲು ಕೊರೆದ ಕುಂಬಳಕಾಯಿ ಇಟ್ಟು ಒಳಗೆ ದೀಪ ಹಚ್ಚುತ್ತಿದ್ದರು. ಅದು ಹ್ಯಾಲೋವೀನ್ ಎಂಬ ಹಬ್ಬ, ಮುಂಬೈಯ ದೊಡ್ಡ ಹೋಟೆಲುಗಳಲ್ಲೂ ಮಾಡುತ್ತಾರೆ ಎಂದು ಅಲ್ಲಿ ಕೆಲಸಕ್ಕಿದ್ದ ಗಂಡನ ತಮ್ಮ ಫೋನಿನಲ್ಲಿ ಹೇಳಿದ. ಹಳೆ ಮನೆಯ ಪಕ್ಕದಲ್ಲೇ ನಮ್ಮ ಹೊಸ ಮನೆಯ ಕೆಲಸ ಆಗಷ್ಟೇ ಶುರುವಾಗಿತ್ತು. ನಾನೂ ಒಂದು ಸಿಹಿಗುಂಬಳ ತಂದು, ಮೀನು ಕೊಯ್ಯುವ ಚೂರಿಯಲ್ಲಿ ಬಹಳ ಕಷ್ಟಪಟ್ಟು ಮುಖ ಕೊರೆದು ಮೆಟ್ಟಿಲಲ್ಲಿಟ್ಟೆ. ಭಯಂಕರವಾಗಿ ಬರಬೇಕಾದ ಮುಖ ಹಲ್ಲುನೋವಿನವರ ಹಾಗೆ ಬಂದಿತ್ತು. ಅತ್ತೆ ತಿರುಳನ್ನು ಹುಳಿಗೆ ಹಾಕಿದರು. ಸಂಜೆ ನೋಡಿದರೆ ಮೆಟ್ಟಿಲಲ್ಲಿ ಕುಂಬಳಕಾಯಿ ಇಲ್ಲ. ದೃಷ್ಟಿಗೆ ಮಾಡಿದ್ದು ಎಂದು ತಿಳಿದ ಮೇಸ್ತ್ರಿ ಅದನ್ನು ಕಟ್ಟುತ್ತಿದ್ದ ಮನೆಯ ಎದುರಿಗೆ ತೂಗುಹಾಕಿದ್ದ. ಅದು ಅಲ್ಲೇ ಕೊಳೆಯಿತು, ಕಾಗೆಗಳು ಹಬ್ಬ ಮಾಡಿದವು.

ಮನೆ ಏಳುತ್ತಿದ್ದಂತೆ ಬಣ್ಣದ ಮಾತು ಬಂತು. ಎದುರಿನ ಪಡಸಾಲೆ, ನಮ್ಮ ಬಾಯಲ್ಲಿ ಹಾಲು, ಅತ್ತೆಗೆ ಬಿಟ್ಟದ್ದು, ಅವರು ಗಿಳಿಹಸಿರು ಆರಿಸಿದರು. ಒಳಗಿನ ಕೋಣೆ ನನ್ನದು. ಹನ್ನೆರಡು ವರ್ಷದಿಂದ ಎದುರು ಮೂಲೆ ನೋಡಿದ ನನ್ನ ವಿದ್ಯೆಯನ್ನೆಲ್ಲ ಅಲ್ಲಿ ತೋರಿಸುವುದೆಂದು ತೀರ್ಮಾನಿಸಿದೆ. ಬಾರ್ಕೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಪೈಂಟರ್ ಬಣ್ಣದ ಕಾರ್ಡು ಬಿಡಿಸಿ ಕ್ರೀಮು, ತಿಳಿಗುಲಾಬಿ ತೋರಿಸಿದ. ನಾನು ಕೊನೆಯ ಪುಟದ ಕಡುಗೆಂಪಿಗೆ ಬೆರಳಿಟ್ಟೆ.

"ಅಕ್ಕಾ, ಇದ್ ಗೇಟಿಗ್ ಹೊಡು ಬಣ್ಣ."

"ಗ್ವಾಡಿಗೇ ಹೊಡಿನಿ."

"ನಾಲ್ಕೂ ಗ್ವಾಡಿಗಾ?"

"ನಾಲ್ಕೂ."

ಅವನು ಹೊರಗೆ ಹೋಗಿ ನನ್ನ ಗಂಡನನ್ನು ಇನ್ನೊಮ್ಮೆ ಕೇಳಿ ಬಂದ. ಎರಡನೇ ಕೋಟು ಮುಗಿಯುವಾಗ ಹಗಲಿನಲ್ಲೇ ಕೋಣೆಗೆ ಲೈಟು ಬೇಕಾಯಿತು.

ಪರದೆಗೆ ವೆಲ್ವೆಟ್ ಹುಡುಕಿಕೊಂಡು ಕುಂದಾಪುರದ ಅಂಗಡಿಗಳನ್ನೆಲ್ಲ ಸುತ್ತಿದೆ. ಅಷ್ಟು ದಪ್ಪದ ಬಟ್ಟೆ ಕಿಟಕಿಗೆ ಯಾರೂ ಇಟ್ಟುಕೊಂಡಿರಲಿಲ್ಲ. ಕೊನೆಗೆ ಬ್ರಹ್ಮಾವರದ ಹತ್ತಿರ ಯಕ್ಷಗಾನದ ವೇಷದ ಬಟ್ಟೆ ಹೊಲಿಯುವ ಹಿರಿಯರೊಬ್ಬರ ಬಳಿ ಸಿಕ್ಕಿತು.

"ಯಾವ ವೇಷಕ್ಕೆ?" ಎಂದು ಕೇಳಿದರು.

"ಕಿಟ್ಕಿಗೆ," ಎಂದೆ.

ಅವರು ಅಳತೆಯೇನೋ ಸರಿಯಾಗಿ ಬರೆದುಕೊಂಡರು. ಆದರೆ ಕೈಯ ಅಭ್ಯಾಸ ಬಿಡಬೇಕಲ್ಲ. ಹೊಲಿದು ಕೊಟ್ಟ ಪರದೆಗೆ ಕೆಳಗಿನ ಉದ್ದಕ್ಕೂ ಜರಿಯ ಪಟ್ಟಿ, ಅದರ ಮೇಲೆ ಕನ್ನಡಿ ಚೂರು. ತೂಗುಹಾಕಿದ ಮೇಲೆ ಗಂಡ ದೂರ ನಿಂತು ನೋಡಿ, "ಚೆಂಡೆ ಒಂದ್ ಕಡ್ಮಿ ಆಯ್ತ್," ಎಂದರು. ಮೇಣದ ಬತ್ತಿಯ ಸ್ಟ್ಯಾಂಡನ್ನು ಗ್ರಿಲ್ ಮಾಡುವವನಿಗೆ ಚಿತ್ರ ಬರೆದು ಕೊಟ್ಟು ಮಾಡಿಸಿದ್ದೆ. ನನ್ನ ಚಿತ್ರದ್ದೇ ದೋಷವಿರಬೇಕು, ನಾಯಿ ಕಟ್ಟುವ ಗೂಟಕ್ಕೆ ಐದು ಕೈ ಬಂದ ಹಾಗಿತ್ತು. ಏಪ್ರಿಲಿನ ಸೆಕೆಗೆ ಅದರಲ್ಲಿಟ್ಟ ಬತ್ತಿಗಳು ಹಚ್ಚುವ ಮೊದಲೇ ಸಿಗಡಿಯಂತೆ ಬಾಗಿದವು.

ಒಕ್ಕಲಿನ ದಿನ ಗೃಹಪ್ರವೇಶಕ್ಕೆ ಬಂದವರೆಲ್ಲ ಗಿಳಿಹಸಿರು ಹಾಲನ್ನು ಹೊಗಳಿದರು. ನನ್ನ ಕೋಣೆಯ ಹೊಸ್ತಿಲಿನಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರು ನಿಂತು, ಇಣುಕಿ, ಸೀದಾ ಊಟದ ಕಡೆ ನಡೆದರು. ಗಂಡನ ಸೋದರತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಹೊಸ್ ಮನಿ ಅಲ್ದಾ ಇದ್? ಇಲ್ ಮೊದ್ಲ್ ಯಾರಾರೂ ತೀರ್ಕಂಡಿದ್ರಾ?" ಎಂದು ಪಿಸುಗುಟ್ಟಿದರು. ಅದಕ್ಕೂ ಉತ್ತರ ಹೊಂದಿಸಬಹುದಿತ್ತು. ಆದರೆ ಅವರ ಹಿಂದೆಯೇ ಬಂದ ವಯಸ್ಸಾದ ನೆಂಟರೊಬ್ಬರು ಕೆಂಪು ಗೋಡೆ, ಜರಿಯ ಪರದೆ, ಕಬ್ಬಿಣದ ದೀಪದ ಕಂಬ ಎಲ್ಲವನ್ನೂ ನೋಡಿ, ಹೆಗಲ ಶಾಲು ಸೊಂಟಕ್ಕೆ ಸುತ್ತಿಕೊಂಡು ಭಕ್ತಿಯಿಂದ ಕೈಮುಗಿದರು.

"ಯಾವ್ ದೈವ?" ಎಂದು ನನ್ನನ್ನು ಕೇಳಿದರು.

ಅತ್ತೆ ಅಡುಗೆಮನೆಯಿಂದಲೇ ಕೂಗಿದರು, "ಅದ್ ದೈವದ್ ಕೋಣಿ ಅಲ್ಲ, ನಮ್ ಸೊಸಿ ಮೈಮೇಲ್ ಬಂದದ್ದ್. ಕೈ ಮುಗುದ್ ಬ್ಯಾಡ, ಊಟಕ್ ಬನ್ನಿ!"

ಜನ ನಕ್ಕರು, ನಾನೂ ನಕ್ಕೆ. ಎಲ್ಲರೂ ಹೋದ ಮೇಲೆ ಅದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಅತ್ತುಬಿಟ್ಟೆ.

ಮಳೆಗಾಲದಲ್ಲಿ ಕೋಣೆ ತನ್ನ ಕೆಲಸ ತಾನೇ ಮುಂದುವರಿಸಿತು. ಸಮುದ್ರದ ಗಾಳಿಗೆ ಗೋಡೆಯ ಕೆಂಪಿನ ಮೇಲೆ ಬಿಳಿ ಉಪ್ಪು ಎದ್ದಿತು. ವೆಲ್ವೆಟ್ಟಿಗೆ ಬೂಷ್ಟು ಹಿಡಿದು ಒದ್ದೆ ನಾಯಿಯ ವಾಸನೆ. ಸ್ಟ್ಯಾಂಡಿನಿಂದ ತುಕ್ಕಿನ ನೀರು ನೆಲಕ್ಕೆ ಇಳಿಯಿತು. ಆಗ ನಿಜಕ್ಕೂ ಅದು ನಾನು ಟಿವಿಯಲ್ಲಿ ನೋಡಿದ ಮನೆಯೇ ಆಯಿತು. ಎಷ್ಟು ಚೆನ್ನಾಗಿ ಆಯಿತೆಂದರೆ ದೀಪ ಹಚ್ಚುವ ಹೊತ್ತಾದ ಮೇಲೆ ಒಬ್ಬಳೇ ಒಳಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಹೊದೆಯುವ ಬಟ್ಟೆ ತರಬೇಕಾದರೂ ಅತ್ತೆಯನ್ನು ಕರೆಯುತ್ತಿದ್ದೆ. ಅವರು ಮಂಡಿ ಹಿಡಿದುಕೊಂಡು ಬಂದು, "ಹೋಗ್, ನಾ ಇಲ್ಲೇ ನಿಂತ್ಕಂತೆ," ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನೂ ಅತ್ತೆಯೂ ಗಿಳಿಹಸಿರು ಹಾಲಿನಲ್ಲೇ ಮಲಗತೊಡಗಿದೆವು. ಗಂಡ ಬೆಳಗಿನ ಮೀನಿಗೆ ಹೋಗುವವರು, ವ್ಯಾನಿನ ಸೀಟಿನಲ್ಲೂ ನಿದ್ದೆ ಮಾಡುತ್ತಿದ್ದರು. ಕೋಣೆ ಖಾಲಿ ಬಿತ್ತು. ಮಳೆ ನಿಂತ ಮೇಲೆ ಪರದೆಯನ್ನು ಬಿಸಿಲಿಗೆ ಹಾಕಿ, ಗೋಡೆ ಒರೆಸಿ, ಕ್ರೀಮು ಬಣ್ಣ ಹೊಡೆಸಿಬಿಡೋಣ ಎಂದು ಗಂಡನಿಗೆ ನಾನೇ ಹೇಳಿದೆ. ಅಷ್ಟು ಹೇಳಲು ನನಗೆ ಬಹಳ ಬೇಜಾರಾಗಿತ್ತು.

ಬಣ್ಣ ಹೊಡೆಸುವ ಮೊದಲೇ ಒಂದು ಮಧ್ಯಾಹ್ನ ಅತ್ತೆ ಕಾಣೆಯಾದರು. ಬಾವಿಕಟ್ಟೆಯಲ್ಲಿಲ್ಲ, ಪಕ್ಕದ ಮನೆಯಲ್ಲಿಲ್ಲ, ಕಡಲ ಬದಿಗೆ ಹೋಗಿ ಬಂದೆ, ಅಲ್ಲೂ ಇಲ್ಲ. ಹೆದರಿಕೆಯಲ್ಲಿ ಕೊನೆಗೆ ನನ್ನ ಕೋಣೆಯ ಬಾಗಿಲು ದೂಡಿದೆ. ಕತ್ತಲು. ವೆಲ್ವೆಟ್ ಪರದೆಯ ಕೆಳಗಿನಿಂದ ಒಂದು ಕಾಲು ಮಾತ್ರ ಹೊರಗೆ ಚಾಚಿಕೊಂಡಿತ್ತು.

ನಾನು ಕಿರುಚಿದ್ದು ರಸ್ತೆಗೆ ಕೇಳಿತಂತೆ. ಪರದೆ ಅಲುಗಾಡಿ, ಅತ್ತೆಯ ತಲೆ ಹೊರಗೆ ಬಂತು.

"ಎಂತಾಯ್ತ್ ಹೆಣೆ? ಯಾರ್ ಸತ್ರ್?"

"ನೀವ್ ಇಲ್ ಎಂತ ಮಾಡ್ತಾ ಇದ್ರಿ ಅತ್ತಿ?"

"ಮನಿಕಂಡಿದ್ದೆ. ನೆಲ ಎಷ್ಟ್ ತಂಪಿತ್ತ್ ಗೊತ್ತಿತ್ತಾ? ಬೆಳ್ಕೂ ಇಲ್ಲ, ನೊಣವೂ ಇಲ್ಲ." ಕಣ್ಣುಜ್ಜಿಕೊಂಡು ಎದ್ದು ಕೂತರು. "ಮದ್ವಿ ಆದಾಗಿಂದ ಹಗ್ಲ್ ಹೊತ್ತಿಗ್ ಹೀಂಗೆ ನಿದ್ರಿ ಬಂದದ್ದ್ ಇದೇ ಸುರು."

ಕೋಳಿ ಕೂಗುವ ಮೊದಲೇ ಎದ್ದು ಬಂದರಿಗೆ ಹೋಗಿ, ಬುಟ್ಟಿ ಹೊತ್ತು ಮಾರ್ಕೆಟಿಗೆ ಬಂದು ಕೂತ ಬದುಕು ಅವರದು. ಬುಟ್ಟಿ ಇಳಿಸಿದ ಮೇಲೂ ಎಚ್ಚರವಾಗುವುದು ಆ ಹೊತ್ತಿಗೇ. ಮಧ್ಯಾಹ್ನ ಗಿಳಿಹಸಿರು ಹಾಲಿನ ಬೆಳಕಿನಲ್ಲಿ ಗೋಡೆಗೊರಗಿ ತೂಕಡಿಸುವುದನ್ನು ನಾನು ದಿನಾ ನೋಡಿದ್ದೆ, ಅದು ಸರಿಯಾದ ನಿದ್ದೆ ಬಾರದ್ದಕ್ಕೆ ಎಂದು ಹೊಳೆದಿರಲಿಲ್ಲ. ಕ್ರೀಮು ಬಣ್ಣದ ಮಾತೆತ್ತಿದಾಗ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು, "ಆ ಗ್ವಾಡಿ ಮುಟ್ಟಿರೆ ಕಾಣಿ."

ವಾರ ಕಳೆಯುವುದರೊಳಗೆ ಅವರ ಹಳೆಯ ಜೊತೆಗಾತಿಯರು ಮಾರ್ಕೆಟಿನಿಂದ ಹೋಗುವಾಗ ನಮ್ಮಲ್ಲಿಗೆ ಬರತೊಡಗಿದರು. ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಬುಟ್ಟಿ ಜಗಲಿಯಲ್ಲಿ ಕವುಚಿ, ಚಾಪೆ ಹಾಸಿ ಸಾಲಾಗಿ ಮಲಗುತ್ತಿದ್ದರು. ಐದು ಕೈಯ ಸ್ಟ್ಯಾಂಡಿಗೆ ತಲೆವಸ್ತ್ರಗಳು ಒಣಗಲು ಬಂದವು. ಜರಿಯ ಅಂಚನ್ನು ಬೆಳಕು ಬರದಂತೆ ಗೋಡೆಗೆ ಒತ್ತಿ ಅದರ ಮೇಲೆ ಮಣೆ ಇಟ್ಟರು. ನನ್ನ ಅಲಂಕಾರದ ಬಗ್ಗೆ ಒಬ್ಬರೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಗೊರಕೆ ಮಾತ್ರ ಅಡುಗೆಮನೆಯವರೆಗೆ ಕೇಳುತ್ತಿತ್ತು. ನಾಲ್ಕರ ಹೊತ್ತಿಗೆ ನಾನು ಚಾ ಮಾಡಿ ಕೊಡುತ್ತಿದ್ದೆ, ನನಗೆ ಅದರಲ್ಲಿ ಯಾಕೋ ಬಹಳ ಖುಷಿ ಇತ್ತು.

ಅವರಲ್ಲೊಬ್ಬ ಅಕ್ಕ ಒಂದು ದಿನ, "ನಮ್ ಮನಿಯಲ್ಲೂ ಇಂಥದ್ದ್ ಒಂದ್ ಕೋಣಿ ಮಾಡ್ಕ್. ನೀ ಬಂದ್ ತೋರ್ಸ್ ಕಾಂಬ," ಎಂದು ಕರೆದಳು. ನನ್ನ ತಲೆ ತಿರುಗಿತು. ಇಸ್ತ್ರಿ ಹಾಕಿದ ಸೀರೆ ಉಟ್ಟು, ಅಳತೆ ಟೇಪು, ಬಣ್ಣದ ಕಾರ್ಡು ಹಿಡಿದು ಅವಳ ಮನೆಗೆ ಹೋದೆ. ಹಂಚಿನ ಮನೆ, ಸಣ್ಣ ಕೋಣೆ, ಒಂದೇ ಕಿಟಕಿ. ಪರದೆ ನೆಲ ಮುಟ್ಟಬೇಕು, ನೆರಿಗೆ ಅಗಲಕ್ಕಿಂತ ದುಪ್ಪಟ್ಟು ಇರಬೇಕು, ಗೋಡೆಗೆ ಕಡುನೀಲಿಯಾದರೂ ಆದೀತು ಎಂದು ವಿವರಿಸತೊಡಗಿದೆ. ಅವಳು ತಲೆಯಾಡಿಸುತ್ತಲೇ ದೋಣಿಗೆ ಮುಚ್ಚುವ ಹಳೆಯ ಕಪ್ಪು ಟಾರ್ಪಾಲಿನ ತುಂಡು ತಂದು, ಸ್ಟೂಲು ಹತ್ತಿ, ಕಿಟಕಿಗೆ ಅಡ್ಡಲಾಗಿ ಮೊಳೆ ಹೊಡೆದಳು. ನಾನು ಇನ್ನೂ ನೆರಿಗೆಯಲ್ಲೇ ಇದ್ದೆ. ಕೋಣೆ ಗವ್ವೆಂದು ಕತ್ತಲಾಯಿತು, ನನ್ನದಕ್ಕಿಂತ ಹೆಚ್ಚು.

ಚಾಪೆ ಬಿಡಿಸುವ ಸದ್ದು ಕೇಳಿತು. ಕತ್ತಲೆಯೊಳಗಿಂದ ಅವಳ ಸ್ವರ ಬಂತು, "ಲಾಯ್ಕಾಯ್ತ್ ಮಾರಾಯ್ತಿ. ಹೋಪಾಗ ಬಾಗ್ಲ್ ಒಂಚೂರ್ ಎಳ್ಕಂಡ್ ಹೋಗ್."